ಮಾಯುವ ಗಾಯ



ನಮ್ಮ ಮನೆಯಲ್ಲಿ ಒಂದು ಪೇಟಿ ಇದೆ. ಹಾರ್ಮೋನಿಯಮ್ಮಿಗೆ ನಮ್ಮ ಗೋಕಾಕ ಸೀಮೆಯಲ್ಲಿ ಪೇಟಿ ಎಂದೇ ಹೆಸರು. ನಮ್ಮ ಮಾವನವರು ಗಿರಣಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಿರಜದಿಂದ ತಂದದ್ದು. ಅವರ ಕೈಯಿಂದ ಅದು ನಮ್ಮ ಯಜಮಾನರ ಕೈಗೆ ಬಂತು. ರವಿವಾರ ಮುಂಜಾನೆ ದೇವಮಂದಿರದ ಭಜನೆಗೆ ಅದೇ ಪೇಟಿ ಹೋಗಬೇಕು. ಕ್ರಿಸ್ಮಸ್ಸಿನ ರಾತ್ರಿ ಓಣಿ ಓಣಿ ತಿರುಗಿ ಹಾಡುವಾಗಲೂ ಕೊರಳಿಗೆ ಕಟ್ಟಿಕೊಂಡು ಅದನ್ನೇ ಒಯ್ಯಬೇಕು. ಅದರ ಪಕ್ಕದಲ್ಲಿ ಡೋಲಕ್ ಬಾರಿಸಲು ನಮ್ಮ ಮಗ ಕೂಡುತ್ತಿದ್ದ.

2011ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಒಂಬತ್ತು ದಿನ ಇರುವಾಗ, ಆ ಮಗ ಹೋದ. ಕಬ್ಬು ನುರಿಸುವ ಹಂಗಾಮು. ಹುಕ್ಕೇರಿ ನನ್ನ ತವರು. ಅಲ್ಲಿಂದ ಕತ್ತಲಾದ ಮೇಲೆ ಮೋಟಾರ್ ಸೈಕಲ್ಲಿನಲ್ಲಿ ಹೊರಟಿದ್ದ. ದಾರಿಯಲ್ಲಿ ಕೆಟ್ಟು ನಿಂತ ಕಬ್ಬಿನ ಟ್ರ್ಯಾಕ್ಟರು. ಹಿಂದೆ ದೀಪವಿಲ್ಲ, ಗುರುತಿಗೆ ಒಂದು ಕೆಂಪು ಬಟ್ಟೆಯೂ ಇಲ್ಲ. ಅವನಿಗೆ ಇಪ್ಪತ್ತೊಂದು ವರ್ಷ. ಇದಕ್ಕಿಂತ ಹೆಚ್ಚು ಹೇಳಲಾರೆ. ನಮ್ಮ ಭಾಗದ ಚಳಿಗಾಲದ ರಸ್ತೆಗಳಲ್ಲಿ ಹೀಗೆ ಮಕ್ಕಳನ್ನು ಕಳಕೊಂಡ ಮನೆಗಳು ಬಹಳ ಇವೆ. ಈ ಮಾತು ಕೇಳುತ್ತಿರುವ ನಿಮ್ಮಲ್ಲೂ ಅಂಥವರು ಇರಬಹುದು.

ಮಣ್ಣು ಕೊಟ್ಟು ಬಂದ ಮೇಲೆ ಯಜಮಾನರು ಪೇಟಿಯನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ಮಂಚದ ಕೆಳಗೆ ದೂಡಿದರು. ಮುಂದೆ ಏಳು ವರ್ಷ ಎಂಟು ತಿಂಗಳು ಅದು ಹೊರಗೆ ಬರಲಿಲ್ಲ.

ನೋವಿನ ಕಾಲದಲ್ಲಿ ಕ್ರಿಸ್ತನ ಮೇಲಿನ ನಂಬಿಕೆ ಮನುಷ್ಯನಿಗೆ ಹೇಗೆ ಆಸರೆಯಾಗುತ್ತದೆ ಎಂಬುದರ ಬಗ್ಗೆ ನಾಲ್ಕು ಮಾತು ಹೇಳಿರಿ ಎಂದು ನನ್ನನ್ನು ಕರೆದಿದ್ದಾರೆ. ನಾನು ಬೋಧಕಳಲ್ಲ, ದೇವಶಾಸ್ತ್ರ ಓದಿದವಳೂ ಅಲ್ಲ. ಮೂವತ್ತಮೂರು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು. ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ಕಡೆಯ ಮನೆಗಳನ್ನು ಬಲ್ಲೆ. ಅಲ್ಲಿ ಕಂಡದ್ದನ್ನು, ನನ್ನ ಮನೆಯಲ್ಲಿ ಉಂಡದ್ದನ್ನು ಹೇಳುತ್ತೇನೆ.

ಸಾವಿನ ಮನೆಗೆ ಬರುವವರ ಮಾತು ಒಮ್ಮೊಮ್ಮೆ ಬಹಳ ನೋಯಿಸುತ್ತದೆ. ‘ದೇವರ ಚಿತ್ತ, ನಾವೇನ್ ಮಾಡಾಕಾಗತೈತಿ’ ಎಂದರು. ‘ಒಳ್ಳೇವರನ್ನ ದೇವರು ಲಗೂನ ಕರಕೋತಾನ’ ಎಂದರು. ದೂರದಿಂದ ಬಂದ ಬೋಧಕರೊಬ್ಬರು, ಮನೆಯಲ್ಲಿ ಯಾರಾದರೂ ಮುಚ್ಚಿಟ್ಟ ಪಾಪ ಇದೆಯೇನು ಯೋಚಿಸಿರಿ ಎಂದೂ ಅಂದರು. ಆ ರಾತ್ರಿ ನಾನು ನಿಜವಾಗಿಯೂ ಕೂತು ಯೋಚಿಸಿದೆ. ಯಾವ ವರ್ಷ ಯಾರಿಗೆ ಏನು ಕೆಟ್ಟದ್ದು ಮಾಡಿದ್ದೆ, ಯಾವ ಕೂಸಿಗೆ ಶಾಲೆಯಲ್ಲಿ ಸಿಟ್ಟಿನಿಂದ ಹೊಡೆದಿದ್ದೆ ಎಂದು ಬೆಳತನಕ ಲೆಕ್ಕ ಹಾಕಿದೆ. ಮಗನನ್ನು ಕಳಕೊಂಡ ತಾಯಿಗೆ ಇಂಥ ಲೆಕ್ಕ ಕೊಡುವುದು ಕ್ರೌರ್ಯ. ಈಗ ಹತ್ತಾರು ವರ್ಷ ಕಳೆದ ಮೇಲೂ ನನ್ನ ಅಭಿಪ್ರಾಯ ಅದೇ.

ಸತ್ಯವೇದದಲ್ಲಿ ಯೋಬನ ಪುಸ್ತಕ ಇದೆ. ಆಸ್ತಿ ಹೋಯಿತು, ಹತ್ತು ಮಕ್ಕಳು ಒಂದೇ ದಿನ ಸತ್ತರು, ಮೈತುಂಬ ಹುಣ್ಣಾಯಿತು. ಮೂವರು ಗೆಳೆಯರು ಬಂದರು. ಅವನ ಗುರುತೇ ಸಿಗದೆ ಗೋಳಾಡಿ ಅತ್ತರು. ಏಳು ಹಗಲು ಏಳು ರಾತ್ರಿ ಅವನ ಜತೆ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ. ಆ ಏಳು ದಿನ ಅವರು ನಿಜವಾದ ಗೆಳೆಯರು. ಎಂಟನೆಯ ದಿನ ಬಾಯಿ ತೆರೆದರು, ಕೆಟ್ಟಿತು. ನೀನು ಏನೋ ತಪ್ಪು ಮಾಡಿರಬೇಕು ಎಂದು ಅಧ್ಯಾಯಗಟ್ಟಲೆ ವಾದಿಸಿದರು. ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾಗುವುದು ತನ್ನ ಮೇಲೆ ಕೂಗಾಡಿದ ಯೋಬನ ಮೇಲಲ್ಲ, ತನ್ನ ಪರವಾಗಿ ವಕಾಲತ್ತು ವಹಿಸಿದ ಈ ಗೆಳೆಯರ ಮೇಲೆ. ಎಷ್ಟೋ ಸಲ ಓದಿದ ಕಥೆ. ಮಗ ಹೋದ ಮೇಲೆ ಓದಿದಾಗಲೇ ಅದರ ಈ ಕೊನೆ ನನ್ನ ಕಣ್ಣಿಗೆ ಬಿತ್ತು.

ನಮ್ಮ ಎದುರು ಮನೆಯಲ್ಲಿ ಒಬ್ಬ ಕಾಕು ಇದ್ದಾರೆ. ನಮ್ಮ ಮತದವರಲ್ಲ, ದಿನಾ ಹಣೆಗೆ ವಿಭೂತಿ ಹಚ್ಚಿ ಲಿಂಗಪೂಜೆ ಮಾಡಿಕೊಳ್ಳುವವರು. ಮೂರನೆಯ ದಿನ ಮುಂಜಾನೆ ಅವರು ಬುಟ್ಟಿಯಲ್ಲಿ ಬಿಳೇ ವಸ್ತ್ರ ಹಾಸಿ ಬಿಸಿ ರೊಟ್ಟಿ ತಂದರು. ನನ್ನಿಂದ ಉಣ್ಣುವುದಾಗಲಿಲ್ಲ. ಅವರು ಒತ್ತಾಯ ಮಾಡಲಿಲ್ಲ. ರೊಟ್ಟಿಯನ್ನು ಮುರಿದು ಕಲ್ಲಿನಲ್ಲಿ ಹಾಕಿ, ಬಳ್ಳೊಳ್ಳಿ, ಉಪ್ಪು, ಒಂದಿಷ್ಟು ಖಾರ, ಶೇಂಗಾ ಎಣ್ಣಿ ಹಾಕಿ ಕುಟ್ಟಿದರು. ಮುಟಿಗಿ ಮಾಡಿ, ಮಗುವಿಗೆ ಉಣಿಸುವ ಹಾಗೆ ಒಂದು ಉಂಡೆ ನನ್ನ ಕೈಯಲ್ಲಿ ಇಟ್ಟರು. ಆಮೇಲೆ ಗೋಡೆಗೆ ಬೆನ್ನು ಹಚ್ಚಿ ಕೂತರು. ಮಧ್ಯಾಹ್ನದವರೆಗೆ ಕೂತೇ ಇದ್ದರು. ಏಳುವಾಗ ಹೇಳಿದ್ದು ಒಂದೇ ಮಾತು: ‘ಅಳ್ರಿ ಅಕ್ಕೋರ. ಅಳಾಕ ಏನ್ ನಾಚಿಕಿ?’

ಪ್ರವಾದಿ ಎಲೀಯನ ಕಥೆಯೂ ಹೀಗೇ ಇದೆ. ಜೀವಭಯದಿಂದ ಅಡವಿಗೆ ಓಡಿಹೋಗಿ, ಒಂದು ಗಿಡದ ಕೆಳಗೆ ಬಿದ್ದುಕೊಂಡು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡಿಕೊಳ್ಳುತ್ತಾನೆ. ಸಾಯಬೇಕು ಎನಿಸುವಷ್ಟು ಬೇಸತ್ತ ಮನುಷ್ಯ ಅವನು. ಅವನಿಗೆ ದೇವರು ಬುದ್ಧಿ ಹೇಳುವುದಿಲ್ಲ, ನಂಬಿಕೆ ಕಡಿಮೆಯಾಯಿತು ಎಂದು ಗದರುವುದಿಲ್ಲ. ನಿದ್ದೆ ಹೋಗಲು ಬಿಡುತ್ತಾನೆ. ದೇವದೂತ ಬಂದು ಮೈ ಮುಟ್ಟಿ ಎಬ್ಬಿಸಿದರೆ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಉಂಡು ಮತ್ತೆ ಮಲಗುತ್ತಾನೆ. ಮತ್ತೊಮ್ಮೆ ಎಬ್ಬಿಸಿ ಮತ್ತೆ ಉಣಿಸುತ್ತಾನೆ. ಮಾತು ಆಮೇಲೆ, ಎಷ್ಟೋ ದಿನದ ಮೇಲೆ. ಎದುರು ಮನೆಯ ಕಾಕು ಈ ಕಥೆ ಓದಿದವರಲ್ಲ. ಆದರೆ ಅವರ ಬುಟ್ಟಿಯ ರೊಟ್ಟಿಯಲ್ಲಿ ನನ್ನ ದೇವರು ನನ್ನ ಮನೆಗೆ ಬಂದ ಎಂದು ನಾನು ನಂಬಿದ್ದೇನೆ. ಇದನ್ನು ಕಾಕುಗಳಿಗೂ ಹೇಳಿದ್ದೇನೆ.

ಇನ್ನು ಅಳುವ ಮಾತು. ನಮ್ಮ ಕಡೆ ಹೆಣ್ಣುಮಕ್ಕಳು ಸತ್ತವರ ಮುಂದೆ ಹಾಡ್ಯಾಡಿಕೊಂಡು ಅಳುತ್ತಾರೆ. ಸತ್ತವನ ಗುಣ, ಅವನು ಬಿಟ್ಟುಹೋದ ಕೆಲಸ, ಅವನಿಲ್ಲದ ಮನೆಯ ಗತಿ, ಒಯ್ದ ದೇವರ ಮೇಲಿನ ಸಿಟ್ಟು, ಎಲ್ಲವನ್ನೂ ರಾಗ ಎಳೆದು ಹೇಳಿ ಅಳುವುದು. ನಾಲ್ಕಕ್ಷರ ಕಲಿತ ಮೇಲೆ ನಾವು ಅದನ್ನು ಹಳ್ಳಿಯ ರೂಢಿ ಎಂದು ಕೀಳಾಗಿ ಕಂಡೆವು. ಸಭೆಯಲ್ಲೂ ಹಿರಿಯರು, ನಿರೀಕ್ಷೆಯುಳ್ಳವರು ಹೀಗೆ ಅಳಬಾರದು ಎಂದು ತಡೆಯುತ್ತಿದ್ದರು. ನಾನೂ ತಡೆದಿದ್ದೇನೆ. ನನ್ನ ಅತ್ತೆ ಮೊಮ್ಮಗನ ಮುಂದೆ ದನಿ ಎತ್ತಿದಾಗ ‘ಸುಮ್ಮನಾಗ್ರಿ ಅತ್ತಿ’ ಎಂದಿದ್ದೆ. ಆ ಮಾತು ಆಡಬಾರದಿತ್ತು.

ನಮ್ಮ ಆಗಿನ ಸಭಾಪಾಲಕರು ವಯಸ್ಸಾದವರು. ಏಳನೆಯ ದಿನ ಒಬ್ಬರೇ ಬಂದರು. ಚಾಪೆಯ ಮೇಲೆ ಕೂತು ಸತ್ಯವೇದ ತೆಗೆದು ಎಂಬತ್ತೆಂಟನೆಯ ಕೀರ್ತನೆ ಓದಿದರು. ಕೀರ್ತನೆಗಳ ಪುಸ್ತಕದಲ್ಲಿ ನೂರೈವತ್ತು ಹಾಡುಗಳಿವೆ. ಮೂರರಲ್ಲಿ ಒಂದು ಪಾಲು ಗೋಳಿನ ಹಾಡುಗಳೇ. ಹೆಚ್ಚಿನವು ಅಳುತ್ತ ಶುರುವಾದರೂ ಕೊನೆಗೆ ಸ್ತುತಿಗೆ ತಿರುಗುತ್ತವೆ. ಈ ಎಂಬತ್ತೆಂಟನೆಯದು ತಿರುಗುವುದಿಲ್ಲ. ಹಗಲು ರಾತ್ರಿ ಕೂಗಿದೆ, ನೀನು ಮುಖ ಮರೆಮಾಡಿದೆ, ನನ್ನವರನ್ನು ನನ್ನಿಂದ ದೂರ ಮಾಡಿದೆ ಎಂದು ದೇವರನ್ನೇ ದೂರುತ್ತ ದೂರುತ್ತ, ಕತ್ತಲಿನಲ್ಲೇ ನಿಂತುಬಿಡುತ್ತದೆ. ಓದಿ ಮುಗಿಸಿ ಅವರು ಪುಸ್ತಕ ಮುಚ್ಚಿದರು. ಅರ್ಥ ಹೇಳಲಿಲ್ಲ. ‘ಇದೂ ಸತ್ಯವೇದದಾಗ ಐತಿ ಅಕ್ಕೋರ. ದೇವರ ಮುಂದ ಹಿಂಗೂ ಮಾತಾಡಬಹುದು’ ಎಂದರು.

ಆಗ ನನಗೆ ನನ್ನ ಅತ್ತೆಯ ಅಳು ನೆನಪಾಯಿತು. ಅವರು ಅತ್ತದ್ದು ಕೀರ್ತನೆಯೇ. ದಾವೀದನ ಕಾಲದವರೂ ಹಾಡ್ಯಾಡಿಕೊಂಡೇ ಅತ್ತರು. ಅದನ್ನು ಬರೆದಿಟ್ಟುಕೊಂಡವರು ಅದನ್ನೇ ಪವಿತ್ರ ಎಂದು ಪೂಜೆಯಲ್ಲಿ ಹಾಡಿದರು. ಯೇಸು ಶಿಲುಬೆಯ ಮೇಲೆ, ದೇವರು ತನ್ನನ್ನು ಯಾಕೆ ಕೈಬಿಟ್ಟ ಎಂದು ಕೂಗಿದ್ದೂ ಅಂಥದೇ ಒಂದು ಗೋಳಿನ ಕೀರ್ತನೆಯ ಮೊದಲ ಮಾತು. ಲಾಜರನ ಗೋರಿಯ ಹತ್ತಿರ ಅವನು ಅತ್ತ. ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ಎಬ್ಬಿಸಲಿದ್ದವನು ಅವನೇ, ಆದರೂ ಅತ್ತ. ಲಾಜರನ ಸೋದರಿ ಮಾರ್ಥಳ ಮನೆಯವರ ದುಃಖ ಅವನನ್ನು ದಾಟಿಕೊಂಡು ಹೋಗಲಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ. ಆದರೆ ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ ಎಂಬ ಕಾವ್ಯ ಮಾಡಿ ಕನ್ನಡಕ್ಕೆ ಕೊಟ್ಟರು. ನೋಯುವ ದೇವರು ಯಾವ ಮತದ ಕವಿಯನ್ನೂ ಮುಟ್ಟಬಲ್ಲ ಎಂದು ನನಗೆ ಅನ್ನಿಸುವುದು ಅದನ್ನು ನೆನೆದಾಗ.

ಕನ್ನಡದಲ್ಲಿ ಒಂದು ಚಂದದ ಮಾತಿದೆ. ಗಾಯ ಗುಣವಾದರೆ ‘ಗಾಯ ಮಾಯಿತು’ ಎನ್ನುತ್ತೇವೆ. ಮಾಯುವುದು ಬೇರೆ, ಮಾಯವಾಗುವುದು ಬೇರೆ. ಶಾಲೆಯಲ್ಲಿ ಮಕ್ಕಳು ಇವೆರಡನ್ನೂ ಒಂದೇ ಎಂದು ತಿಳಿದು ತಪ್ಪು ಬರೆಯುತ್ತಿದ್ದರು, ನಾನು ತಿದ್ದುತ್ತಿದ್ದೆ. ಆದರೆ ನನ್ನ ಬದುಕಿನಲ್ಲಿ ನಾನೇ ಆ ತಪ್ಪು ಮಾಡಿದೆ. ದೇವರು ಗುಣಪಡಿಸಿದರೆ ನೋವು ಇದ್ದ ಗುರುತೂ ಉಳಿಯಬಾರದು ಎಂದು ಎಣಿಸಿದ್ದೆ. ಉಳಿದಾಗ ನನ್ನ ನಂಬಿಕೆಯೇ ಸುಳ್ಳೋ ಏನೋ ಎಂದು ಹೆದರಿದೆ. ಸತ್ತು ಎದ್ದುಬಂದ ಕ್ರಿಸ್ತನ ಕೈಯಲ್ಲಿ ಮೊಳೆಯ ಗಾಯ ಹಾಗೆಯೇ ಇತ್ತು, ಅವನ ಶಿಷ್ಯ ತೋಮನು ಅದನ್ನು ನೋಡಿಯೇ ಗುರುತು ಹಿಡಿದ. ಸಾವನ್ನು ಗೆದ್ದ ಮೈಗೆ ಒಂದು ಕಲೆ ಅಳಿಸುವುದು ಕಷ್ಟವಿರಲಿಲ್ಲ. ಅಳಿಸಲಿಲ್ಲ.

ಈಸ್ಟರಿನ ಹಿಂದಿನ ದಿನ ನಮ್ಮವರೆಲ್ಲ ಗೋರಿಗಳಿಗೆ ಸುಣ್ಣ ಹಚ್ಚುತ್ತಾರೆ. ಬಕೀಟಿನಲ್ಲಿ ಸುಣ್ಣ ಕಲಸಿ, ತೆಂಗಿನ ನಾರಿನ ಕುಂಚದಿಂದ ಒಂದು ಮೂಲೆಯೂ ಬಿಡದ ಹಾಗೆ ಬಳಿಯುವುದು. ಮರುದಿನ ನಸುಕಿನಲ್ಲಿ, ಇನ್ನೂ ಕತ್ತಲಿರುವಾಗ, ಮೇಣಬತ್ತಿ ಹಿಡಿದು ಹೋಗಿ ಅದೇ ಗೋರಿಗಳ ನಡುವೆ ನಿಂತು ಪುನರುತ್ಥಾನದ ಹಾಡು ಹಾಡುತ್ತೇವೆ. ಮೊದಲ ವರ್ಷ ನನಗೆ ಬಾಯಿ ಬರಲಿಲ್ಲ. ಸುತ್ತಲಿನವರು ಹಾಡಿದರು. ಎರಡನೆಯ ವರ್ಷವೂ ಅವರೇ ಹಾಡಿದರು. ನನ್ನ ಪಾಲಿನ ನಂಬಿಕೆಯನ್ನು ಅಷ್ಟು ದಿನ ಅವರು ಹೊತ್ತುಕೊಂಡಿದ್ದರು ಎಂದೇ ತಿಳಿದಿದ್ದೇನೆ. ಸಭೆ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ.

ಈ ನಂಬಿಕೆ ನಮ್ಮ ಸೀಮೆಗೆ ಬಂದದ್ದೂ ನೊಂದವರ ಕೇರಿಗಳಿಗೇ. ಲಂಡನ್ ಮಿಷನ್ನಿನವರು ಬೆಳಗಾವಿಯಲ್ಲಿ ಕೆಲಸ ಶುರು ಮಾಡಿದ್ದು 1820ರಲ್ಲಿ. ಬಳ್ಳಾರಿಯಲ್ಲಿ ಅದೇ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ಶ್ರಮದಿಂದ 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಯಿತು. 1904ರಲ್ಲಿ ಬೆಳಗಾವಿಯ ಕೆಲಸವನ್ನು ಅಮೆರಿಕದ ಮೆಥೋಡಿಸ್ಟರು ವಹಿಸಿಕೊಂಡರು. ಊರಿನ ಹೊರಗೆ ಇರಿಸಿದ್ದ ಜನ, ಬಾವಿಯ ನೀರು ಸೇದಲು ಬಿಡದ ಜನ, ಗುಂಪು ಗುಂಪಾಗಿ ಈ ದಾರಿಗೆ ಬಂದರು. ಅವರ ಗಾಯ ಸಾವಿನದಲ್ಲ, ಅವಮಾನದ್ದು. ಬೈಗುಳದಂಥ ಹೆಸರಿನಿಂದ ಕರೆಸಿಕೊಂಡವರು ಮಕ್ಕಳಿಗೆ ಸಮಾಧಾನಪ್ಪ, ಕೃಪಾವತಿ ಎಂದು ಹೆಸರಿಟ್ಟರು. ನನ್ನ ಮುತ್ತಜ್ಜಿಗೆ ಓದು ಬರುತ್ತಿರಲಿಲ್ಲ. ನನ್ನ ಅಜ್ಜಿ ಸತ್ಯವೇದ ಓದಲೆಂದೇ ಅಕ್ಷರ ಕಲಿತರು. ನಾನು ಅಕ್ಷರ ಕಲಿಸಿದೆ. ಈ ತಲೆಮಾರುಗಳ ನಡುವೆ ಎಷ್ಟೊಂದು ಮಾದಿದೆ ಎಂದು ನೆನೆದರೆ ಎದೆ ತುಂಬುತ್ತದೆ. ಎಲ್ಲ ಮಾದಿಲ್ಲ ಎಂಬುದೂ ನನಗೆ ಗೊತ್ತು. ಒಂದೇ ದೇವರ ಮಕ್ಕಳು ಎನ್ನುವವರ ನಡುವೆಯೇ ಹೆಣ್ಣು ಕೊಡುವಾಗ ತರುವಾಗ ಹಳೆಯ ಕೇರಿಯ ಲೆಕ್ಕ ನೋಡುವವರು ಇನ್ನೂ ಇದ್ದಾರೆ.

ಮೂಡಲಗಿ ತಾಲೂಕಿನ ಒಂದು ಹಳ್ಳಿಯಲ್ಲಿ ನಾನು ಹನ್ನೊಂದು ವರ್ಷ ಶಾಲೆ ಕಲಿಸಿದೆ. ಆಗ ಅದು ಗೋಕಾಕ ತಾಲೂಕಿನಲ್ಲೇ ಇತ್ತು. ಬುಧವಾರ ಸಂಜೆ ಹೆಣ್ಣುಮಕ್ಕಳ ಪ್ರಾರ್ಥನೆ, ವಾರಕ್ಕೊಂದು ಮನೆಯಲ್ಲಿ. ಹೊಲದಿಂದ ಬಂದು, ರೊಟ್ಟಿ ಬಡಿದಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಕೂಡುತ್ತಿದ್ದರು. ಮೊದಲು ಒಂದು ಹಾಡು, ಆಮೇಲೆ ಪ್ರಾರ್ಥನೆಯ ವಿಷಯ. ಒಬ್ಬೊಬ್ಬರೂ ಹೇಳಬೇಕು. ಕಾರಖಾನೆಯಿಂದ ಕಬ್ಬಿನ ಬಿಲ್ಲು ಬಂದಿಲ್ಲ. ಎಮ್ಮಿ ಗಬ್ಬ ನಿಲ್ಲವಲ್ಲದು. ಸೊಸಿಗೆ ಏಳು ತುಂಬಿ ಎಂಟರಾಗ ಬಿದ್ದೈತಿ, ಕಾಲು ಬಾತಾವು. ಮಗ ಕುಡಿದು ಬಂದು ಹೊಡಿತಾನ. ಕಡೆಯ ಮಾತು ಹೇಳಿದ ತಾಯಿ ತಲೆ ಎತ್ತಲಿಲ್ಲ. ಪಕ್ಕದಲ್ಲಿದ್ದವಳು ಅವಳ ಕೈ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಎಲ್ಲರೂ ಒಟ್ಟಿಗೆ, ಗಟ್ಟಿಯಾಗಿ, ತಮ್ಮ ತಮ್ಮ ಮಾತಿನಲ್ಲಿ ಪ್ರಾರ್ಥಿಸಿದರು. ಎಮ್ಮೆಯ ಹೆಸರೂ ಬಂತು, ಮಗನ ಹೆಸರೂ ಬಂತು. ಮನೆಯೊಳಗೆ ಮುಚ್ಚಿಟ್ಟು ಕೊಳೆಯುವ ಸಂಕಟ ನಾಲ್ಕು ಜನರ ಬಾಯಲ್ಲಿ ದೇವರ ಮುಂದೆ ಬರುವುದಿದೆಯಲ್ಲ, ಅದರಲ್ಲಿ ಅರ್ಧ ಗುಣವಿದೆ. ಮರುದಿನ ಆ ಮಗನನ್ನು ಕರೆದು ಮಾತಾಡಲು ಇಬ್ಬರು ಹಿರಿಯರು ಹೋದರು. ಪ್ರಾರ್ಥನೆಯಲ್ಲಿ ಕೇಳಿದ ಸುದ್ದಿಗೆ ಕಾಲೂ ಬರುತ್ತದೆ.

ಅದೇ ಹಳ್ಳಿಯಲ್ಲಿ ಒಬ್ಬ ಹುಡುಗನಿಗೆ ಕ್ಷಯವಾಗಿತ್ತು. ಆರು ತಿಂಗಳು ತಪ್ಪದೆ ಗುಳಿಗೆ ನುಂಗಬೇಕಾದ ರೋಗ. ಎರಡು ತಿಂಗಳಿಗೆ ಕೆಮ್ಮು ನಿಂತಿತು. ಎಲ್ಲಿಂದಲೋ ಬಂದ ಒಬ್ಬ ಬೋಧಕ, ದೇವರು ನಿನ್ನನ್ನು ಮುಟ್ಟಿದ್ದಾನೆ, ಇನ್ನು ಗುಳಿಗೆ ನುಂಗುವುದು ಅಪನಂಬಿಕೆ ಎಂದ. ಹುಡುಗ ಬಿಟ್ಟ. ಮತ್ತೆ ರಕ್ತ ಕಾಣಿಸಿತು. ಆಗ ಬುಧವಾರದ ಪ್ರಾರ್ಥನೆಯ ಹಿರಿಯ ಹೆಂಗಸೊಬ್ಬಳು ಅವನ ಮನೆಗೆ ಹೋಗಿ, ‘ಪ್ರಾರ್ಥನಾನೂ ಮಾಡು, ಗುಳಿಗಿನೂ ನುಂಗು. ಎರಡೂ ಅವನ ಕೊಟ್ಟಾವು’ ಎಂದು ತಾನೇ ಅವನನ್ನು ದವಾಖಾನೆಗೆ ಕರೆದುಕೊಂಡು ಹೋದಳು. ಹುಡುಗ ಉಳಿದ. ಸುವಾರ್ತೆ ಬರೆದ ಲೂಕನೇ ವೈದ್ಯ. ಕ್ರಿಸ್ತನ ಹೆಸರು ಹೇಳಿ ರೋಗಿಯ ಕೈಯಿಂದ ಔಷಧ ಬಿಡಿಸುವವರನ್ನು ನಾನು ಕ್ಷಮಿಸಲಾರೆ; ಕೇಳುಗರು ಅಂಥವರ ಮಾತಿಗೆ ಮರುಳಾಗಬೇಡಿರಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ನಮ್ಮ ಸೀಮೆಯ ಹಳಬರಿಗೆ ಮಿರಜದ ಮಿಷನ್ ದವಾಖಾನೆ ಗೊತ್ತು. ಕೆನಡಾದಲ್ಲಿ ಹುಟ್ಟಿದ ಡಾ. ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಕಟ್ಟಿದ್ದು. ಘಟಪ್ರಭಾ ಸ್ಟೇಶನ್ನಿನಲ್ಲಿ ರೈಲು ಹತ್ತಿದರೆ ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ ದಾಟಿ ಮಿರಜ. ಬುತ್ತಿಗಂಟು, ಹಾಸಿಗೆ ಸುತ್ತಿಕೊಂಡು ಇಡೀ ಮನೆಯೇ ರೋಗಿಯ ಜತೆ ಹೋಗುತ್ತಿತ್ತು. 1968ರಲ್ಲಿ ನನ್ನ ಅವ್ವನ ಹೊಟ್ಟೆಯ ಗಡ್ಡೆ ತೆಗೆದದ್ದು ಅಲ್ಲಿ. ಆಪರೇಶನ್ನಿಗೆ ಒಯ್ಯುವ ಮೊದಲು ಒಬ್ಬ ನರ್ಸಬಾಯಿ ಅವ್ವನ ಕೈ ಹಿಡಿದು ಮರಾಠಿಯಲ್ಲಿ ಪ್ರಾರ್ಥನೆ ಮಾಡಿದಳಂತೆ. ಹುಕ್ಕೇರಿಯ ಹೆಣ್ಣುಮಗಳು, ಮರಾಠಿ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ‘ಮಾತು ತಿಳಿಲಿಲ್ಲವಾ, ಕೈ ಬೆಚ್ಚಗಿತ್ತು’ ಎಂದು ಸಾಯುವತನಕ ಹೇಳುತ್ತಿದ್ದಳು. ನಮ್ಮ ಕಡೆ ಜಡ್ಡಾದವರಿಗೆ ಆರಾಮಿಲ್ಲ ಎನ್ನುತ್ತೇವೆ, ಗುಣವಾದರೆ ಆರಾಮಾತು ಎನ್ನುತ್ತೇವೆ. ದುಡಿದು ದಣಿದವರು, ಹೊರೆ ಹೊತ್ತವರು ನನ್ನ ಬಳಿ ಬನ್ನಿರಿ ಎಂದು ಯೇಸು ಕರೆದದ್ದನ್ನು ಅವ್ವ ಹೇಳುವಾಗ, ವಿಶ್ರಾಂತಿ ಎನ್ನುವ ಪುಸ್ತಕದ ಶಬ್ದ ಬಿಟ್ಟು, ಆರಾಮ ಕೊಡ್ತೀನಿ ಅಂದಾನ ಎನ್ನುತ್ತಿದ್ದಳು. ಆ ಒಂದು ಶಬ್ದದಲ್ಲಿ ಔಷಧವೂ ಇದೆ, ನಿದ್ದೆಯೂ ಇದೆ.

ನಮ್ಮ ಯಜಮಾನರಿಗೆ ಮಾತ್ರ ಆರಾಮಾಗಲಿಲ್ಲ. ನಾನು ಅತ್ತೆ, ಬೈದೆ, ಕೀರ್ತನೆ ಓದಿದೆ, ಮತ್ತೆ ಅತ್ತೆ. ಅವರು ಅಳಲಿಲ್ಲ. ರವಿವಾರ ಗುಡಿಗೆ ಬಂದು ಹಿಂದಿನ ಸಾಲಿನಲ್ಲಿ ಕೂತು ಎದ್ದು ಬರುತ್ತಿದ್ದರು. ಹಾಡ್ಯಾಡಿಕೊಂಡು ಅಳುವುದನ್ನು ನಮ್ಮ ಸೀಮೆ ಹೆಣ್ಣುಮಕ್ಕಳಿಗೆ ಕೊಟ್ಟಿದೆ, ಗಂಡಸರಿಗೆ ಏನೂ ಕೊಟ್ಟಿಲ್ಲ. 2016ರ ಬರದ ಬೇಸಿಗೆಯಲ್ಲಿ ನನ್ನ ತಮ್ಮ ಅವರನ್ನು ಹಿಡಕಲ್ ಜಲಾಶಯದ ಕಡೆ ಕರೆದುಕೊಂಡು ಹೋದ. ಹಿನ್ನೀರಿನಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲನ ಗುಡಿ ನೀರು ಇಳಿದಾಗ ಕಾಣಿಸುತ್ತದೆ. ಕೆಸರು ಒಣಗಿ ಬಿರಿದ ನೆಲದ ಮೇಲೆ ಕಲ್ಲಿನ ಗುಡಿ ಹಾಗೆಯೇ ನಿಂತಿತ್ತು. ಅವರು ಬಹಳ ಹೊತ್ತು ನೋಡಿದರಂತೆ. ತಿರುಗಿ ಬರುವಾಗ, ‘ಇಷ್ಟು ವರ್ಷ ನೀರಾಗಿದ್ರೂ ಕಲ್ಲು ಕದಲಿಲ್ಲ ನೋಡು’ ಎಂದರಂತೆ. ಅಷ್ಟೇ.

2019ರ ಆಗಸ್ಟ್. ಹಿಡಕಲ್ ತುಂಬಿ ಬಿಟ್ಟ ನೀರು, ಮಾರ್ಕಂಡೇಯ, ಹಿರಣ್ಯಕೇಶಿ, ಎಲ್ಲ ಸೇರಿ ಘಟಪ್ರಭೆ ಊರೊಳಗೆ ಬಂದಳು. ಲೋಳಸೂರ ಸೇತುವೆ ಮುಳುಗಿತು. ಮೂಡಲಗಿ ಕಡೆ ಸುಣಧೋಳಿ, ಅವರಾದಿಯ ಸೇತುವೆಗಳೂ ಮುಳುಗಿದವು. ಗೋಕಾಕದ ತಗ್ಗಿನ ಓಣಿಗಳಲ್ಲಿ ಮಾಳಿಗೆ ಮುಟ್ಟುವ ನೀರು. ನಾವು ಉಟ್ಟ ಬಟ್ಟೆಯಲ್ಲಿ ಒಂದು ಶಾಲೆಯ ಪರಿಹಾರ ಕೇಂದ್ರ ಸೇರಿದೆವು. ಕಾಕುಗಳ ಮನೆಯವರು, ನಾವು, ಮೂಲೆ ಮನೆಯ ಮುಸಲ್ಮಾನರು, ಎಲ್ಲ ಒಂದೇ ಕೋಣೆ. ಆರನೆಯ ದಿನ ತಿರುಗಿ ಬಂದಾಗ ಮನೆಯಲ್ಲಿ ಮೊಣಕಾಲುಮಟ ರಾಡಿ.

ಯಜಮಾನರು ಸಲಿಕೆ ಹಿಡಿದು ರಾಡಿ ಎಳೆಯುತ್ತಿದ್ದರು. ಮಂಚದ ಕೆಳಗೆ ಸಲಿಕೆಗೆ ಏನೋ ಗಟ್ಟಿಯಾಗಿ ತಾಗಿತು. ದುಪ್ಪಟಿ ಬಿಚ್ಚಿದರು. ಪೇಟಿಯ ತಿದಿ ನೆನೆದು ಬಿಟ್ಟುಕೊಂಡಿತ್ತು, ಪಟ್ಟಿಗಳ ಸಂದಿಯಲ್ಲೆಲ್ಲ ಕರಿ ಮಣ್ಣು. ಅವರು ಅದನ್ನು ಎದೆಗೆ ಒತ್ತಿಕೊಂಡು ಆ ರಾಡಿಯಲ್ಲೇ ಕೂತರು. ಏಳು ವರ್ಷ ಎಂಟು ತಿಂಗಳ ಅಳು ಬಂತು. ದನಿ ಎತ್ತಿ, ಮಗನ ಹೆಸರು ಹಿಡಿದು, ನನ್ನ ಅತ್ತೆ ಅತ್ತ ಹಾಗೆಯೇ ಅತ್ತರು. ಓಣಿಯವರು ಬಾಗಿಲಲ್ಲಿ ನಿಂತರು. ನಾನು ಈ ಸಲ ಯಾರನ್ನೂ ಸುಮ್ಮನಾಗಿಸಲಿಲ್ಲ.

ದೀಪಾವಳಿ ಮುಗಿದ ಮೇಲೆ ಅವರು ಪೇಟಿಯನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಘಟಪ್ರಭಾದಲ್ಲಿ ರೈಲು ಹತ್ತಿದರು. ಸಿತಾರ, ತಂಬೂರಿ ಮಾಡುವುದಕ್ಕೆ ಹೆಸರಾದ ಊರು ಮಿರಜ. ಅಲ್ಲಿ ಪೇಟಿ ರಿಪೇರಿ ಮಾಡುವವರೂ ಇದ್ದಾರೆ. ಅದನ್ನು ತೆರೆದು ನೋಡಿದ ಕಾರಾಗೀರ, ಹೊಸದು ಕೊಳ್ಳುವುದು ಸೋವಿ ಆಗುತ್ತದೆ ಎಂದನಂತೆ. ಇದೇ ಬೇಕು ಎಂದು ಇವರು ಹಟ ಹಿಡಿದರು. ಮೂರು ಸಲ ಹೋಗಿ ಬಂದರು. ತಿದಿ ಹೊಸದು, ಒಳಗಿನ ಹಿತ್ತಾಳೆಯ ಸ್ವರಗಳಲ್ಲಿ ಆರು ಹೊಸವು. ಉಳಿದವು ಹಳೆಯವೇ. ಹೊಸ ಸ್ವರದ ದನಿ ಸ್ವಲ್ಪ ಬೇರೆ. ಹಾಡಿನ ನಡುವೆ ಅದು ಬಂದಾಗ ನನ್ನ ಕಿವಿಗೆ ಈಗಲೂ ಗೊತ್ತಾಗುತ್ತದೆ. ಆ ವರ್ಷದ ಕ್ರಿಸ್ಮಸ್ಸಿನ ರಾತ್ರಿ ಪೇಟಿ ಮತ್ತೆ ಓಣಿ ಸುತ್ತಿತು. ಡೋಲಕ್ ಹಿಡಿದದ್ದು ಮಗನ ಗೆಳೆಯನ ತಮ್ಮ.

2021ರ ಮೇ ತಿಂಗಳು ನಿಮಗೆಲ್ಲ ನೆನಪಿದೆ. ಎದುರು ಮನೆಯ ಕಾಕುಗಳ ಗಂಡ, ಕಾಕಾ, ಕೊರೋನಾದಲ್ಲಿ ದೂರದ ದವಾಖಾನೆಯಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಲು ಯಾರಿಗೂ ಅವಕಾಶವಿರಲಿಲ್ಲ, ಮುಖ ನೋಡಲೂ ಸಿಗಲಿಲ್ಲ. ಮಕ್ಕಳು ಬೆಂಗಳೂರಿನಲ್ಲಿ, ಲಾಕ್‌ಡೌನ್. ಕಾಕುಗಳಿಗೂ ಜ್ವರ. ಮಾತಾಡಿಸಲು ಹೋಗುವಂತಿಲ್ಲ, ಕೈ ಹಿಡಿಯುವಂತಿಲ್ಲ. ನಾನು ರೊಟ್ಟಿ ಬಡಿದೆ. ಮುಟಿಗಿ ಕುಟ್ಟಿದೆ. ಬಿಳೇ ವಸ್ತ್ರದಲ್ಲಿ ಸುತ್ತಿ ಅವರ ಹೊಸ್ತಿಲ ಮೇಲೆ ಇಟ್ಟು, ಬಾಗಿಲು ಬಡಿದು, ಓಣಿ ದಾಟಿ ಬಂದು ನಮ್ಮ ಕಟ್ಟೆಯ ಮೇಲೆ ಕೂತೆ. ಅವರು ಅದನ್ನು ಒಳಗೆ ಒಯ್ದು ಕಿಟಕಿಯ ಹತ್ತಿರ ಬಂದು ಕೂತರು. ನಡುವೆ ಹನ್ನೆರಡು ಹೆಜ್ಜೆ ಓಣಿ.

ಹೀಗೆ ನಾಲ್ಕು ದಿನ ನಡೆಯಿತು. ಐದನೆಯ ಸಂಜೆ ಕಾಕು ಕಿಟಕಿಯಿಂದ, ‘ಅಕ್ಕೋರ, ಅಣ್ಣಾರಿಗೆ ಪೇಟಿ ಬಾರಸಾಕ ಹೇಳ್ರಿ’ ಎಂದರು. ಯಜಮಾನರು ಪೇಟಿ ತಂದು ಕಟ್ಟೆಯ ಮೇಲೆ ಇಟ್ಟುಕೊಂಡರು. ನಿಮ್ಮ ವಚನದ್ದು ಯಾವುದಾದರೂ ಬಾರಿಸಲೇ ಎಂದು ಕೇಳಿದರು. ‘ನೀವು ರವಿವಾರ ಬಾರಸೂದ ಇರಲಿ’ ಎಂದರು ಕಾಕು. ಅವರು ಬಾರಿಸಿದರು, ನಾನು ಸಣ್ಣ ದನಿಯಲ್ಲಿ ಹಾಡಿದೆ. ಎರಡನೆಯ ನುಡಿಗೆ ಕಿಟಕಿಯೊಳಗಿಂದ ಅಳು ಕೇಳಿಸಿತು. ಮೊದಲು ಬರೀ ಬಿಕ್ಕು, ಆಮೇಲೆ ರಾಗ ಬಂತು, ಕಾಕಾನ ಹೆಸರು ಬಂತು. ಯಜಮಾನರು ಪೇಟಿ ನಿಲ್ಲಿಸಲಿಲ್ಲ. ಅವರ ಅಳುವಿನ ದನಿ ಏರಿದ ಕಡೆ ಏರಿಸಿ, ಇಳಿದ ಕಡೆ ಇಳಿಸಿ, ಕತ್ತಲಾಗುವವರೆಗೆ ತಿದಿ ಒತ್ತುತ್ತ ಕೂತರು.